ಒಂದೇ ರಾತ್ರಿಯಲ್ಲಿ ಹಸಿರಾದ ಕೆಂಪು ಪಾಚಿ: ಇದನ್ನು ಈಗ ಯಾವ ಗುಂಪಿಗೆ ಸೇರಿಸಲಿ?

ಕಡಲತಡಿ_ಅಕ್ಕೋರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹೋದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಕಡಲು ತುಂಬಾ ಹಿಂದೆ ಸರಿದಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಬಂಡೆಗಳ ಮೇಲೆ ಹೋದೆ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಬ್ಬಿ. ಒಂದು ಗಂಟೆಯಲ್ಲಿ ಹದಿನಾಲ್ಕು ಬಗೆಯ ಕಡಲ ಪಾಚಿ ಸಿಕ್ಕಿತು. ಉಬ್ಬರ ಶುರುವಾಗುವ ಮೊದಲೇ ಎಲ್ಲರನ್ನೂ ದಡಕ್ಕೆ ಕರೆತಂದೆ.

ಶಾಲೆಯ ವರಾಂಡದಲ್ಲಿ ಮೂರು ಪೇಪರ್ ಹಾಸಿದೆವು. ಹಸಿರು, ಕಂದು, ಕೆಂಪು. ಮಕ್ಕಳು ಪಟಪಟ ವಿಂಗಡಿಸಿದರು. ಪ್ಲಾಸ್ಟಿಕ್ ಹಾಳೆಯಷ್ಟು ತೆಳುವಾದ ಉಲ್ವಾ ಹಸಿರಿಗೆ. ಕೊತ್ತಂಬರಿ ಕಾಳಿನಷ್ಟು ಗಾಳಿಗುಳ್ಳೆ ಇರುವ ಸರ್ಗಾಸಮ್, ಬೀಸಣಿಗೆಯಂಥ ಪಡೈನಾ, ಇವು ಕಂದಿಗೆ. ಹಿಪ್ನಿಯಾ, ಗ್ರಾಸಿಲೇರಿಯಾ ಕೆಂಪಿಗೆ. ಅಲ್ಲಿಯವರೆಗೆ ಎಲ್ಲ ಸರಿ ಇತ್ತು.

ಒಬ್ಬ ಹುಡುಗಿ ತನ್ನ ಪಾಲಿನ ಹಿಪ್ನಿಯಾವನ್ನು ಮನೆಗೆ ಒಯ್ದು, ಮರಳು ಹೋಗಲಿ ಎಂದು ಬಾವಿ ನೀರಿನಲ್ಲಿ ತೊಳೆದು, ಅದೇ ನೀರಿನ ಬಾಟಲಿಯಲ್ಲಿ ಇಟ್ಟಿದ್ದಳು. ಬೆಳಿಗ್ಗೆ ನೋಡಿದರೆ ನೀರಿಗೆ ತಿಳಿಯಾದ ಮುರುಗಲು ಪಾನಕದ ಬಣ್ಣ ಬಂದಿದೆ. ಒಳಗಿನ ಪಾಚಿ ಹಸಿರಾಗಿದೆ! ಬಾಟಲಿ ಹಿಡಿದುಕೊಂಡು ಬಂದು "ಅಕ್ಕೋರೇ, ಇದನ್ನು ಈಗ ಹಸಿರು ಪೇಪರಿಗೆ ಹಾಕಲಾ?" ಎಂದು ಕೇಳಿದಳು. ಬೇಡ ಎಂದು ನನಗೆ ಅನ್ನಿಸಿತು. ಆದರೆ ಯಾಕೆ ಬೇಡ ಎಂದು ಅವಳಿಗೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದನ್ನು ನೋಡಿದ ಮೇಲೆ ಉಳಿದ ಮಕ್ಕಳು ತಮ್ಮ ಮನೆ ಸುತ್ತಲಿನ ಪಾಚಿಗಳನ್ನೆಲ್ಲ ತರಲು ಶುರು ಮಾಡಿದರು. ಒಬ್ಬ ಚಿರೆಕಲ್ಲಿನ ಕಾಂಪೌಂಡ್ ಗೋಡೆಯಿಂದ ಮಖಮಲ್ಲಿನಂಥ ಕಿತ್ತಳೆ ಬಣ್ಣದ ಪಾಚಿ ಕೆರೆದು ತಂದಿದ್ದಾನೆ. ಇನ್ನೊಬ್ಬಳು ಹಳ್ಳದ ಕಲ್ಲನ್ನೇ ಎತ್ತಿಕೊಂಡು ಬಂದಳು, ಅದರ ಮೇಲೆ ಜಾರುವ ಕಂದು ಲೋಳೆ. ಮಳೆಗಾಲದಲ್ಲಿ ಶಾಲೆಯ ಮೈದಾನದಲ್ಲಿ ಸಿಕ್ಕಿದ್ದ ಲೋಳೆ ಮುದ್ದೆಯನ್ನು ನಾನೇ ಒಣಗಿಸಿ ಇಟ್ಟಿದ್ದೆ. ಒಣಗಿದಾಗ ಕಪ್ಪು ಸಿಪ್ಪೆ, ನೀರು ಹಾಕಿದರೆ ಮತ್ತೆ ಉಬ್ಬಿ ಕಡು ಹಸಿರು. ಕೊನೆಯದು ಕೆರೆಯಿಂದ ತಂದದ್ದು. ಗಿಡದ ಹಾಗೆಯೇ ಕಾಂಡ, ಗೆಣ್ಣು, ಗೆಣ್ಣಿಗೊಂದು ಸುತ್ತು ಕಿರುಕೊಂಬೆ. ಮುಟ್ಟಿದರೆ ಒರಟು. ಹಿಸುಕಿದರೆ ಬೆಳ್ಳುಳ್ಳಿಯಂಥ ಕೆಟ್ಟ ವಾಸನೆ.

ಈಗ ನನ್ನ ಪ್ರಶ್ನೆ. ಪಾಚಿಗಳನ್ನು ಗುಂಪು ಮಾಡಲು ಬಣ್ಣ ಸಾಕೇ? ಸಾಕಾಗದಿದ್ದರೆ ಮತ್ತೇನು ನೋಡಬೇಕು? ಮುಂದಿನ ತಿಂಗಳು ವಿಜ್ಞಾನ ಮೇಳವಿದೆ. ತಪ್ಪು ಚೀಟಿ ಅಂಟಿಸಿದ ಮಾದರಿಗಳನ್ನು ಮಕ್ಕಳ ಕೈಯಲ್ಲಿ ಕೊಟ್ಟು ನಿಲ್ಲಿಸಲು ನನಗೆ ಇಷ್ಟವಿಲ್ಲ. ನಮ್ಮಲ್ಲಿ ಇರುವುದು ಒಂದು ಫೋಲ್ಡ್‌ಸ್ಕೋಪ್ (ಕಾಗದ ಮಡಚಿ ಮಾಡುವ ಮೈಕ್ರೋಸ್ಕೋಪ್), ಅಯೋಡಿನ್, ಸ್ಪಿರಿಟ್. ಅಷ್ಟೇ.


ಪಿಯು_ಹಾಸನ

ಮೇಡಂ, ನಾನು ಪ್ರಥಮ ಪಿಯು. ನಮಗೆ ಈ ಪಾಠ ಈಗಷ್ಟೇ ಆಯಿತು. ಮೂರು ಗುಂಪು ಇವೆ. ಹಸಿರು ಪಾಚಿಯಲ್ಲಿ ಕ್ಲೋರೋಫಿಲ್ ಎ ಮತ್ತು ಬಿ, ಕೂಡಿಡುವ ಆಹಾರ ಪಿಷ್ಟ. ಕಂದು ಪಾಚಿಯಲ್ಲಿ ಕ್ಲೋರೋಫಿಲ್ ಎ, ಸಿ ಮತ್ತು ಫ್ಯೂಕೋಜಾಂಥಿನ್. ಆಹಾರ ಲ್ಯಾಮಿನರಿನ್ ಮತ್ತು ಮ್ಯಾನಿಟಾಲ್. ಕೆಂಪು ಪಾಚಿಯಲ್ಲಿ ಕ್ಲೋರೋಫಿಲ್ ಎ, ಡಿ ಮತ್ತು ಫೈಕೋಎರಿಥ್ರಿನ್. ಆಹಾರ ಫ್ಲೋರಿಡಿಯನ್ ಪಿಷ್ಟ. ಈಜುವ ಕೋಶಗಳಿಗೆ ಬಾಲದಂಥ ಕಶಾಂಗ ಇರುತ್ತದೆ. ಕೆಂಪು ಪಾಚಿಗೆ ಮಾತ್ರ ಅದು ಇಲ್ಲ.

ಹಾಗಾಗಿ ಗೋಡೆಯ ಕಿತ್ತಳೆ ಪಾಚಿ ಕೆಂಪು ಗುಂಪಿಗೆ, ಹಳ್ಳದ ಲೋಳೆ ಕಂದು ಗುಂಪಿಗೆ ಬರಬೇಕು ಅನ್ನಿಸುತ್ತದೆ. ಬಾಟಲಿಯ ವಿಷಯ ಗೊತ್ತಾಗಲಿಲ್ಲ. ತಿಳಿದವರು ಹೇಳಿದರೆ ನನಗೂ ಉಪಯೋಗ.


ಹಳೇ_ಬಾಟನಿ_ಮೇಷ್ಟ್ರು

ಟೀಚರ್, ಮಲೆನಾಡಿನ ಒಂದು ಕಾಲೇಜಿನಲ್ಲಿ 31 ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು. ಪಾಚಿಯ ಪಾಠವನ್ನು ಪ್ರತಿ ವರ್ಷ ಮಾಡಿದ್ದೇನೆ. ನಿಮ್ಮ ಹುಡುಗಿ ಬಾಟಲಿ ಹಿಡಿದು ಕೇಳಿದ ಪ್ರಶ್ನೆಯನ್ನು ನನಗೆ ಒಬ್ಬರೂ ಕೇಳಿರಲಿಲ್ಲ. ಅವಳಿಗೆ ಇದನ್ನು ತಿಳಿಸಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬಾಟಲಿ. ಕೆಂಪು ಪಾಚಿಯ ಒಳಗೂ ಹಸಿರು ಕ್ಲೋರೋಫಿಲ್ ಇದ್ದೇ ಇರುತ್ತದೆ. ಫೈಕೋಎರಿಥ್ರಿನ್ ಎಂಬ ಕೆಂಪು ಬಣ್ಣ ಜಾಸ್ತಿ ಇರುವುದರಿಂದ ಆ ಹಸಿರು ಕಾಣುವುದಿಲ್ಲ. ಕ್ಲೋರೋಫಿಲ್ ನೀರಿನಲ್ಲಿ ಕರಗುವುದಿಲ್ಲ, ಈ ಕೆಂಪು ಕರಗುತ್ತದೆ. ಉಪ್ಪುನೀರಿನಲ್ಲಿ ಬೆಳೆದದ್ದನ್ನು ಬಾವಿಯ ಸಿಹಿನೀರಿಗೆ ಹಾಕಿದರೆ ನೀರು ಒಳಗೆ ನುಗ್ಗಿ ಕೋಶಗಳು ಒಡೆಯುತ್ತವೆ. ಕೆಂಪು ಹೊರಗೆ ಸೋರುತ್ತದೆ, ಹಸಿರು ಒಳಗೇ ಉಳಿಯುತ್ತದೆ. ಆ ಗುಲಾಬಿ ನೀರನ್ನು ಸೋಸಿ ಗಾಜಿನ ಲೋಟಕ್ಕೆ ಹಾಕಿ, ಹಿಂದೆ ಕಪ್ಪು ಬಟ್ಟೆ ಹಿಡಿದು, ಬಿಸಿಲಿನಲ್ಲಿ ನೋಡಿ. ಕಿತ್ತಳೆ ಹೊಳಪು ಕಾಣಬೇಕು. ಹೀರಿದ ಬೆಳಕನ್ನು ಅದು ಬೇರೆ ಬಣ್ಣದಲ್ಲಿ ಹೊರಬಿಡುತ್ತದೆ. ಮೇಳದಲ್ಲಿ ಜನ ಇದರ ಮುಂದೆ ನಿಲ್ಲುತ್ತಾರೆ.

ಜೊತೆಗೆ ಇನ್ನೊಂದು ಮಾಡಿ. ಸರ್ಗಾಸಮ್‌ನ ಒಂದು ಕಡ್ಡಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ. ಕಂದು ಹೋಗಿ ಕಣ್ಣೆದುರೇ ಹಸಿರಾಗುತ್ತದೆ. ಅಲ್ಲಿ ಬಣ್ಣ ಸೋರುವುದಿಲ್ಲ. ಫ್ಯೂಕೋಜಾಂಥಿನ್ ಒಂದು ಪ್ರೋಟೀನಿಗೆ ಅಂಟಿಕೊಂಡಿರುವಾಗ ಮಾತ್ರ ಕಂದಾಗಿ ಕಾಣುತ್ತದೆ. ಬಿಸಿಗೆ ಆ ಹಿಡಿತ ಬಿಟ್ಟುಹೋಗುತ್ತದೆ.

ಈಗ ಮೇಜಿನ ಮೇಲೆ ಉಲ್ವಾ, ಬಾವಿ ನೀರಿನ ಹಿಪ್ನಿಯಾ, ಬಿಸಿನೀರಿನ ಸರ್ಗಾಸಮ್ ಮೂರನ್ನೂ ಪಕ್ಕಪಕ್ಕ ಇಡಿ. ಮೂರೂ ಹಸಿರು. ಒಂದೇ ಯೂನಿಫಾರ್ಮ್ ಹಾಕಿದ ಮಕ್ಕಳೆಲ್ಲ ಒಂದೇ ತಾಯಿಯ ಮಕ್ಕಳಲ್ಲ, ಅಲ್ವಾ? ಬಣ್ಣ ಪಾಚಿಯ ಯೂನಿಫಾರ್ಮ್. ನಾವು ಹುಡುಕಬೇಕಾದದ್ದು ತಾಯಿಯನ್ನು.

ಬಣ್ಣ ನೋಡಿ ವಿಂಗಡಿಸಿದ್ದು ತಪ್ಪು ಎಂದು ಮಾತ್ರ ಮಕ್ಕಳಿಗೆ ಹೇಳಬೇಡಿ. ಶಾಸ್ತ್ರ ಬೆಳೆದದ್ದೂ ಇದೇ ದಾರಿಯಲ್ಲಿ. 1753ರಲ್ಲಿ ಲಿನೇಯಸ್ ಹೂ ಬಿಡದ ಸಸ್ಯಗಳಲ್ಲಿ 'ಆಲ್ಗೇ' ಎಂಬ ಒಂದು ಗುಂಪು ಮಾಡಿದ. ಕಲ್ಲುಹೂವು ಕೂಡ ಅದರಲ್ಲೇ ಇತ್ತು. 1836ರಲ್ಲಿ ಐರ್ಲೆಂಡಿನ ವಿಲಿಯಂ ಹಾರ್ವೆ ಕಡಲ ಪಾಚಿಗಳನ್ನು ಹಸಿರು, ಕೆಂಪು, ಕಂದು ಎಂದು ಭಾಗ ಮಾಡಿದ. ನಿಮ್ಮ ವರಾಂಡದ ಮೂರು ಪೇಪರ್ ಅಂದರೆ ಹಾರ್ವೆಯ ಕೆಲಸವೇ. ಅವನ ಮೂರು ಗುಂಪು ಇವತ್ತಿಗೂ ಬಹುಪಾಲು ನಿಂತಿವೆ. ಯಾಕೆಂದರೆ ಕಣ್ಣಿಗೆ ಕಾಣುವ ಬಣ್ಣದ ಹಿಂದೆ ರಾಸಾಯನಿಕಗಳಿವೆ, ಅವು ವಂಶದಿಂದ ಬಂದವು. ಆಮೇಲೆ 1935ರಲ್ಲಿ ಫ್ರಿಟ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಬಣ್ಣದ ಜೊತೆಗೆ ಕೂಡಿಟ್ಟ ಆಹಾರ, ಕಶಾಂಗಗಳ ಸಂಖ್ಯೆ ಮತ್ತು ಅವು ಹುಟ್ಟುವ ಜಾಗ, ಸಂತಾನದ ರೀತಿ ಎಲ್ಲವನ್ನೂ ಸೇರಿಸಿ 11 ವರ್ಗ ಮಾಡಿದರು. ನಾನು ಓದಿದ್ದು, ಕಲಿಸಿದ್ದು ಈ ಹನ್ನೊಂದನ್ನೇ.

ಇಲ್ಲಿ ನಮ್ಮವರೊಬ್ಬರ ಹೆಸರು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮದ್ರಾಸಿನ ಎಂ.ಓ.ಪಿ. ಅಯ್ಯಂಗಾರ್. ದಕ್ಷಿಣ ಭಾರತದ ಒದ್ದೆ ಮಣ್ಣಿನಲ್ಲಿ ಬೆಳೆಯುವ ಒಂದು ಹಸಿರು ಪಾಚಿಯನ್ನು 1932ರಲ್ಲಿ ವಿವರಿಸಿ, ಫ್ರಿಟ್ಚ್ ಅವರ ಗೌರವಕ್ಕೆ ಫ್ರಿಟ್ಚಿಯೆಲ್ಲಾ ಎಂದು ಹೆಸರಿಟ್ಟರು. ಅದರ ಒಂದು ಭಾಗ ಮಣ್ಣಿನೊಳಗೆ, ಒಂದು ಭಾಗ ಮೇಲೆ ಎದ್ದು ನಿಲ್ಲುತ್ತದೆ. ಪಾಚಿ ನೆಲಕ್ಕೆ ಹತ್ತಿದ್ದು ಹೇಗಿರಬಹುದು ಎಂದು ಯೋಚಿಸಿದವರೆಲ್ಲ ಆ ಪುಟ್ಟ ಜೀವಿಯನ್ನು ನೋಡಿದ್ದಾರೆ. ಇದು ಹೊರಗಿನವರು ಬಂದು ಹೇಳಿಕೊಟ್ಟ ಶಾಸ್ತ್ರ ಮಾತ್ರ ಅಲ್ಲ ಎಂದು ಮಕ್ಕಳಿಗೆ ಗೊತ್ತಾಗಲಿ.

ಇನ್ನು ಕಿತ್ತಳೆ ಪಾಚಿ. ಹಾಸನದ ಮಗೂ, ಎಚ್ಚರ ಬೇಕಾದದ್ದು ಇಲ್ಲೇ. ಅದು ಟ್ರೆಂಟಿಪೋಲಿಯಾ. ಹಸಿರು ಪಾಚಿ! ಒಂದು ಚೂರನ್ನು ನೀರಿನ ಹನಿಯಲ್ಲಿ ಬಿಡಿಸಿ ಫೋಲ್ಡ್‌ಸ್ಕೋಪಿನಲ್ಲಿ ನೋಡಿ. ಮಣಿ ಜೋಡಿಸಿದಂಥ ಎಳೆಗಳು, ಒಳಗೆ ಕಿತ್ತಳೆ ಎಣ್ಣೆಹನಿಗಳು. ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ ಅದೇ. ಗಾಳಿ ಬಿಸಿಲಿಗೆ ಒಡ್ಡಿಕೊಂಡು ಬದುಕುವ ಪಾಚಿಗೆ ಅದು ಕೊಡೆಯ ಹಾಗೆ. ತುಂಬಾ ನೆರಳಿನಲ್ಲಿ ಬೆಳೆದದ್ದು ಹಸಿರಾಗಿಯೇ ಇರುವುದುಂಟು. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗ ಜನ ಹೆದರಿದ್ದರು. ಆ ನೀರಿನಲ್ಲಿ ಇದ್ದದ್ದು ಇದೇ ಟ್ರೆಂಟಿಪೋಲಿಯಾದ ಬೀಜಕಣಗಳು ಎಂದು ಅಲ್ಲಿನ ವಿಜ್ಞಾನಿಗಳ ವರದಿ ಹೇಳಿತು.

ಹಾಗಾದರೆ ತಾಯಿ ಯಾರು? ಇದನ್ನು ನಾನು ಕಲಿಸಿದ ಮೊದಲ ವರ್ಷಗಳಲ್ಲಿ ಸರಿಯಾಗಿ ಹೇಳಿರಲಿಲ್ಲ, ನಮ್ಮ ಪಠ್ಯದಲ್ಲೂ ಇರಲಿಲ್ಲ. ಈಗ ಹೇಳುತ್ತೇನೆ. ನೂರು ಕೋಟಿ ವರ್ಷಕ್ಕಿಂತ ಹಿಂದೆ, ನೀರಿನಲ್ಲಿ ತೇಲುವ ಒಂದು ಕೋಶ ಒಂದು ನೀಲಿ-ಹಸಿರು ಬ್ಯಾಕ್ಟೀರಿಯಾವನ್ನು ನುಂಗಿತು. ಅರಗಿಸಿಕೊಳ್ಳಲಿಲ್ಲ. ನುಂಗಿಸಿಕೊಂಡದ್ದು ಒಳಗೇ ಬದುಕಿ, ಬಿಸಿಲಿನಿಂದ ಊಟ ಮಾಡಿ ಮನೆಯವರಿಗೂ ಕೊಡಲು ಶುರು ಮಾಡಿತು. ನಾವು ಕ್ಲೋರೋಪ್ಲಾಸ್ಟ್ ಎಂದು ಕರೆಯುವ ಹಸಿರು ಕಣ ಅದರ ಸಂತಾನ. ಆ ಒಂದು ಮನೆತನದಿಂದ ಹಸಿರು ಪಾಚಿಗಳು ಬಂದವು, ಕೆಂಪು ಪಾಚಿಗಳೂ ಬಂದವು. ಇವರಿಬ್ಬರೂ ನಿಜವಾದ ದಾಯಾದಿಗಳು. ಇವರ ಕ್ಲೋರೋಪ್ಲಾಸ್ಟಿನ ಸುತ್ತ ಎರಡು ಪೊರೆ.

ಕಂದು ಪಾಚಿಯ ಕಥೆ ಬೇರೆ. ಅದರ ಪೂರ್ವಜ ಪೂರ್ತಿ ಬೇರೆ ಮನೆತನದ ಕೋಶ. ಅದು ಆಮೇಲೆ ಒಂದು ಕೆಂಪು ಪಾಚಿಯ ವಂಶದ ಕೋಶವನ್ನೇ ಇಡಿಯಾಗಿ ಒಳಗೆ ಸೇರಿಸಿಕೊಂಡಿತು. ಅದಕ್ಕೇ ಅದರ ಕ್ಲೋರೋಪ್ಲಾಸ್ಟಿನ ಸುತ್ತ ನಾಲ್ಕು ಪೊರೆ. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ಯೂಗ್ಲೀನಾ ಎಂಬ ಒಂದೇ ಕೋಶದ ಹಸಿರು ಜೀವಿ ಇನ್ನೊಂದು ಮನೆತನದ್ದು, ಅದು ನುಂಗಿದ್ದು ಹಸಿರು ಪಾಚಿಯನ್ನು. ಅದರಲ್ಲಿ ಮೂರು ಪೊರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಪೊರೆಗಳನ್ನು ಎಣಿಸಿದರು. ಆಮೇಲೆ ಡಿಎನ್‌ಎ ಓದಿ ನೋಡಿದರು, ಅದೂ ಇದನ್ನೇ ಹೇಳಿತು. ನಿಮ್ಮ ಬಂಡೆಯ ಮೇಲೆ ಒಂದು ಅಡಿ ಅಂತರದಲ್ಲಿ ಇದ್ದ ಉಲ್ವಾ ಮತ್ತು ಸರ್ಗಾಸಮ್ ಸಂಬಂಧದಲ್ಲಿ ಎಷ್ಟು ದೂರ ಗೊತ್ತೇ? ಉಲ್ವಾಕ್ಕೆ ಸರ್ಗಾಸಮ್‌ಗಿಂತ ನಿಮ್ಮ ಅಂಗಳದ ತೆಂಗಿನಮರ ಹತ್ತಿರದ ನೆಂಟ.

ಇದನ್ನು ಹಿಡಿದುಕೊಂಡು ಉಳಿದ ಮಾದರಿಗಳನ್ನು ನೋಡಿ. ಹಳ್ಳದ ಕಲ್ಲಿನ ಕಂದು ಲೋಳೆ ಹೆಚ್ಚಿನ ಮಟ್ಟಿಗೆ ಡಯಾಟಮ್‌ಗಳು. ಒಂದೊಂದೂ ಒಂದೇ ಕೋಶ, ಸುತ್ತ ಗಾಜಿನ ಜಾತಿಯ ಸಿಲಿಕಾ ಚಿಪ್ಪು, ಡಬ್ಬಿ ಮತ್ತು ಮುಚ್ಚಳದ ಹಾಗೆ ಎರಡು ಭಾಗ. ಫೋಲ್ಡ್‌ಸ್ಕೋಪಿನಲ್ಲಿ ದೋಣಿಯಾಕಾರ ಕಾಣುತ್ತದೆ, ಕೆಲವು ಮೆಲ್ಲಗೆ ಸರಿಯುತ್ತವೆ. ಇವು ಕಂದು ಪಾಚಿ ಎಂಬ ವರ್ಗಕ್ಕೆ ಸೇರುವುದಿಲ್ಲ, ಇವಕ್ಕೆ ತಮ್ಮದೇ ವರ್ಗ ಇದೆ. ಆದರೆ ಮನೆತನ ಒಂದೇ. ಅದೇ ಕ್ಲೋರೋಫಿಲ್ ಸಿ, ಅದೇ ಫ್ಯೂಕೋಜಾಂಥಿನ್, ಅದೇ ನಾಲ್ಕು ಪೊರೆ. ಮಗು ಹೇಳಿದ್ದು ಅರ್ಧ ಸರಿ ಆಯಿತು.

ಮೈದಾನದ ಲೋಳೆ ಮುದ್ದೆ ನಾಸ್ಟಾಕ್. ನೀಲಿ-ಹಸಿರು ಪಾಚಿ ಎಂದು ಕರೆಯುತ್ತೇವೆ, ಫ್ರಿಟ್ಚ್ ಅವರ ಹನ್ನೊಂದರಲ್ಲಿ ಕೊನೆಯ ವರ್ಗ ಅದೇ. ಆದರೆ ಅದರ ಕೋಶದಲ್ಲಿ ನ್ಯೂಕ್ಲಿಯಸ್ ಇಲ್ಲ, ಕ್ಲೋರೋಪ್ಲಾಸ್ಟ್ ಇಲ್ಲ. ಅದು ಬ್ಯಾಕ್ಟೀರಿಯಾ. ಮೊದಲು ನುಂಗಿಸಿಕೊಂಡದ್ದು ಇದರ ಬಳಗದವನೇ! ಹೀಗಾಗಿ ಆ ಕಪ್ಪು ಸಿಪ್ಪೆಯನ್ನು ಮೇಳದಲ್ಲಿ ಮೊದಲ ಜಾಗದಲ್ಲಿ ಇಡಿ ಎಂದು ನನ್ನ ಕೋರಿಕೆ.

ಕೆರೆಯ ವಾಸನೆಯ ಗಿಡ ಕಾರಾ. ಒರಟಾಗಿರುವುದು ಮೈಮೇಲೆ ಸುಣ್ಣ ಕೂತಿರುವುದರಿಂದ. ಎರಡು ಹನಿ ವಿನೆಗರ್ ಬಿಡಿ, ಗುಳ್ಳೆ ಏಳುತ್ತದೆ. ಇದು ಹಸಿರು ಪಾಚಿಯೇ. ಆದರೆ ಹಸಿರಿನಲ್ಲಿ ಎರಡು ಕವಲಿವೆ. ಉಲ್ವಾ, ಟ್ರೆಂಟಿಪೋಲಿಯಾ ಒಂದು ಕಡೆ. ಕಾರಾ ಮತ್ತು ಕೆರೆ-ಹೊಂಡದಲ್ಲಿ ಹಸಿರು ಎಳೆಗಳಾಗಿ ತೇಲುವ ಸ್ಪೈರೋಗೈರಾ ಇನ್ನೊಂದು ಕಡೆ. ಭತ್ತ, ಮಾವು, ಹಲಸು, ನೆಲದ ಮೇಲಿನ ಗಿಡಮರಗಳೆಲ್ಲ ಬಂದದ್ದು ಈ ಎರಡನೇ ಕವಲಿನಿಂದ. ನೋಡಲು ಕಾರಾ ಗಿಡದ ಹಾಗಿದೆ. ಆದರೂ ನೆಲದ ಗಿಡಗಳಿಗೆ ಅದಕ್ಕಿಂತ ಹತ್ತಿರದ ಬಂಧು ಸ್ಪೈರೋಗೈರಾದ ಬಳಗ ಎಂದು ಡಿಎನ್‌ಎ ಹೇಳುತ್ತದೆ. ನನಗೆ ಇದು ಈಗಲೂ ಆಶ್ಚರ್ಯ. ಕಾಂಡ ಇಲ್ಲ, ಗೆಣ್ಣಿಲ್ಲ, ಬರೀ ಕೂದಲೆಳೆ.

ಅಯೋಡಿನ್ ಪರೀಕ್ಷೆಯನ್ನು ಸ್ಪೈರೋಗೈರಾದ ಮೇಲೆ ಮಾಡಿ, ಪಿಷ್ಟ ಇರುವುದರಿಂದ ಕಡು ನೀಲಿ-ಕಪ್ಪು ಬರುತ್ತದೆ. ಮೊದಲು ಸ್ಪಿರಿಟ್‌ನಲ್ಲಿ ಹಸಿರು ತೆಗೆಯಬೇಕು. ಸ್ಪಿರಿಟ್ ಪಾತ್ರೆಯನ್ನು ಬಿಸಿನೀರಿನಲ್ಲಿ ಇಟ್ಟೇ ಬೆಚ್ಚಗೆ ಮಾಡಿ. ಹತ್ತಿರ ಬೆಂಕಿ ಬೇಡವೇ ಬೇಡ. ಹಿಪ್ನಿಯಾಕ್ಕೆ ಹಾಕಿದರೆ ಅಷ್ಟು ನೀಲಿ ಬರುವುದಿಲ್ಲ, ಕೆಂಪು-ಕಂದಿನ ಕಡೆಗೆ ಹೋಗುತ್ತದೆ, ಅದರ ಪಿಷ್ಟದ ಜಾತಿ ಬೇರೆ. ಸರ್ಗಾಸಮ್‌ನಲ್ಲಿ ಪಿಷ್ಟವೇ ಇಲ್ಲ. ಹುಡುಗಿಗೆ ಹೇಳಲು ನಿಮಗೆ ಇದೇ ಉತ್ತರ. ಬಾಟಲಿಯಲ್ಲಿ ಹಸಿರಾದದ್ದು ಹೊರಗಿನ ಬಣ್ಣ ಮಾತ್ರ. ಕೂಡಿಟ್ಟ ಊಟ, ಕೋಶದ ಗೋಡೆ, ಪೊರೆಯ ಲೆಕ್ಕ, ಡಿಎನ್‌ಎ ಒಂದೂ ಬದಲಾಗಲಿಲ್ಲ. ಅದು ಕೆಂಪು ಪಾಚಿಯೇ.

ಹಾಸನದ ಮಗೂಗೆ ಒಂದು ತಿದ್ದುಪಡಿ. ಕೆಂಪು ಪಾಚಿಯಲ್ಲಿ ಕ್ಲೋರೋಫಿಲ್ ಡಿ ಇದೆ ಎಂದು 1943ರಲ್ಲಿ ಬರೆದರು, ಪಠ್ಯಗಳಲ್ಲಿ ಅದು ಹಾಗೆಯೇ ಉಳಿಯಿತು. 2004ರಲ್ಲಿ ಜಪಾನಿನ ವಿಜ್ಞಾನಿಗಳು ನೋಡಿದಾಗ ಆ 'ಡಿ' ಬಂದದ್ದು ಕೆಂಪು ಪಾಚಿಯ ಮೈಗೆ ಅಂಟಿಕೊಂಡು ಬದುಕುವ ಒಂದು ನೀಲಿ-ಹಸಿರು ಬ್ಯಾಕ್ಟೀರಿಯಾದಿಂದ ಎಂದು ಗೊತ್ತಾಯಿತು. ಪರೀಕ್ಷೆಯಲ್ಲಿ ಪುಸ್ತಕದಲ್ಲಿ ಇರುವುದನ್ನು ಬರಿ, ಅಂಕ ಬೇಕಲ್ಲ. ಮನಸ್ಸಿನಲ್ಲಿ ಇದನ್ನೂ ಇಟ್ಟುಕೋ.


ಕುಮಾಮೊತೊ_ಕನ್ನಡತಿ

ಸರ್, ಓದಿ ತಕ್ಷಣ ಅಡುಗೆಮನೆಗೆ ಹೋಗಿ ಬಂದೆ. ನಾನು ಜಪಾನಿನಲ್ಲಿ ಇದ್ದೇನೆ. ಇಲ್ಲಿ ಅನ್ನಕ್ಕೆ ಸುತ್ತುವ ನೋರಿ ಹಾಳೆ ಕೆಂಪು ಪಾಚಿಯದು. ಒಣಗಿದಾಗ ಕಪ್ಪು-ನೇರಳೆ. ಬಿಸಿಗೆ ಹಿಡಿದರೆ ಹಸಿರಾಗುತ್ತದೆ. ಇಷ್ಟು ವರ್ಷ ಸುಟ್ಟಿದ್ದೇನೆ, ಯಾಕೆ ಎಂದು ಯೋಚಿಸಿರಲಿಲ್ಲ.

ಇಲ್ಲಿ ಹತ್ತಿರದ ಉತೊ ಎಂಬ ಊರಲ್ಲಿ ಕಡಲಿಗೆ ಮುಖ ಮಾಡಿ ಒಂದು ಸ್ಮಾರಕ ಇದೆ. ಕ್ಯಾಥ್ಲೀನ್ ಡ್ರೂ ಎಂಬ ಇಂಗ್ಲೆಂಡಿನ ವಿಜ್ಞಾನಿಯದು. ಪ್ರತಿ ಏಪ್ರಿಲ್ 14ಕ್ಕೆ ನೋರಿ ಬೆಳೆಯುವವರು ಸೇರಿ ಅವರನ್ನು ನೆನೆಯುತ್ತಾರೆ. ಅವರು ಒಮ್ಮೆಯೂ ಜಪಾನಿಗೆ ಬಂದವರಲ್ಲ. ಇದಕ್ಕೂ ವರ್ಗೀಕರಣಕ್ಕೂ ಸಂಬಂಧ ಇದೆಯಾ ಸರ್?


ಹಳೇ_ಬಾಟನಿ_ಮೇಷ್ಟ್ರು

ಇದೆ ತಾಯಿ, ತುಂಬಾ ಇದೆ. ಬೇಸಿಗೆಯಲ್ಲಿ ನೋರಿ ಕಡಲಿನಿಂದ ಮಾಯವಾಗುತ್ತಿತ್ತು. ಎಲ್ಲಿ ಹೋಗುತ್ತದೆ ಎಂದು ಬೆಳೆಗಾರರಿಗೆ ಗೊತ್ತಿರಲಿಲ್ಲ. ಇನ್ನೊಂದು ಕಡೆ, ಚಿಪ್ಪುಗಳನ್ನು ಕೊರೆದು ಒಳಗೆ ಬೆಳೆಯುವ ಒಂದು ಗುಲಾಬಿ ಬಣ್ಣದ ಪಾಚಿಗೆ ಕಾಂಕೋಸೆಲಿಸ್ ಎಂಬ ಬೇರೆಯೇ ಹೆಸರು ಇತ್ತು. ಎರಡೂ ಒಂದೇ ಜೀವಿಯ ಎರಡು ಹಂತ ಎಂದು ಡ್ರೂ 1949ರಲ್ಲಿ ತೋರಿಸಿದರು. ಹುಳವನ್ನೂ ಚಿಟ್ಟೆಯನ್ನೂ ಎರಡು ಜಾತಿ ಎಂದುಕೊಂಡ ಹಾಗಾಗಿತ್ತು. ಅದು ಗೊತ್ತಾದ ಮೇಲೆ ಚಿಪ್ಪಿನಲ್ಲಿ ಸಸಿ ಮಾಡಿ ಬಲೆಗೆ ಹತ್ತಿಸುವುದನ್ನು ಜಪಾನಿನವರು ಕಲಿತರು, ಬೆಳೆ ಕೈಗೆ ಬಂತು. ಪೂರ್ತಿ ಬಾಳು ನೋಡದೆ ಹೆಸರಿಟ್ಟರೆ ಹೀಗೂ ಆಗುತ್ತದೆ. ನೀವು ಆ ಸ್ಮಾರಕದ ಹತ್ತಿರವೇ ಇದ್ದೀರಿ ಎಂದು ಕೇಳಿ ನನಗೆ ತುಂಬಾ ಖುಷಿಯಾಯಿತು.


ಶಿರಸಿ_ತೋಟ

ಮೇಷ್ಟ್ರೇ, ನಮಸ್ಕಾರ. ನಾವು ಘಟ್ಟದ ಮೇಲಿನವರು, ಅಡಿಕೆ ತೋಟ. ಎರಡು ಕೇಳುವುದಿದೆ. ಒಂದು, ತೋಟದ ಮೇಲಿನ ಹಳ್ಳದಲ್ಲಿ ನೆರಳಿನ ಜಾಗದಲ್ಲಿ, ತಣ್ಣನೆ ಹರಿವ ನೀರಿನಲ್ಲಿ, ಕಲ್ಲಿಗೆ ಅಂಟಿಕೊಂಡು ಕಪ್ಪು-ಹಸಿರು ಎಳೆಗಳಿರುತ್ತವೆ. ಹಿಡಿದರೆ ಬೆರಳಿನ ನಡುವಿನಿಂದ ಜಾರಿಹೋಗುತ್ತದೆ. ಹತ್ತಿರ ಹಿಡಿದು ನೋಡಿದರೆ ಕಪ್ಪೆ ಮೊಟ್ಟೆಯ ಸರದ ಹಾಗೆ ಸಣ್ಣ ಸಣ್ಣ ಗುಂಡು. ಇದು ಯಾವ ಪಾಚಿ? ಎರಡು, ಹಸುವಿಗೆ ಹಾಕಲು ತೊಟ್ಟಿಯಲ್ಲಿ ಅಜೋಲ್ಲಾ ಬೆಳೆಸುತ್ತೇವೆ. ಮನೆಯಲ್ಲಿ ಎಲ್ಲರೂ ಪಾಚಿ ಅನ್ನುತ್ತಾರೆ. ಅದೂ ಈ ಲೆಕ್ಕಕ್ಕೆ ಬರುತ್ತದಾ?


ಹಳೇ_ಬಾಟನಿ_ಮೇಷ್ಟ್ರು

ನಿಮ್ಮ ಹಳ್ಳದ್ದು ಬ್ಯಾಟ್ರಾಕೋಸ್ಪರ್ಮಮ್ ಬಳಗದ್ದು ಇರಬೇಕು. ಆ ಹೆಸರಿನಲ್ಲೇ ಕಪ್ಪೆ ಇದೆ. ಮತ್ತು ಅದು ಕೆಂಪು ಪಾಚಿ! ಹಸಿರಾಗಿ ಕಾಣುವ, ಸಿಹಿನೀರಿನಲ್ಲಿ ಬದುಕುವ ಕೆಂಪು ಪಾಚಿ. ಟೀಚರ್ ಅವರ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಹಸಿರು ಪಾಚಿ, ನಿಮ್ಮ ಹಳ್ಳದಲ್ಲಿ ಹಸಿರು ಬಣ್ಣದ ಕೆಂಪು ಪಾಚಿ. ಇದು ಸ್ವಚ್ಛ, ತಂಪು, ಹರಿಯುವ ನೀರನ್ನು ಬೇಡುತ್ತದೆ. ಹಳ್ಳದ ಮೇಲಿನ ಮರಗಳನ್ನು ಕಡಿಯಬೇಡಿ. ನೆರಳು ಹೋದರೆ ಅದೂ ಹೋಗುತ್ತದೆ.

ಅಜೋಲ್ಲಾ ಪಾಚಿ ಅಲ್ಲ, ಜರಿಗಿಡ. ಆದರೆ ಅದರ ಎಲೆಯ ಒಳಗಿನ ಪುಟ್ಟ ಗೂಡಿನಲ್ಲಿ ನಾಸ್ಟಾಕ್‌ನ ಹತ್ತಿರದ ಬಂಧುವೊಂದು ವಾಸ ಮಾಡುತ್ತದೆ. ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದು ಅದೇ. ನಿಮ್ಮ ಹಸುವಿಗೆ ಪ್ರೋಟೀನ್ ಸಿಗುವುದರ ಹಿಂದೆ ಆ ಒಳಗಿನ ಜೀವಿ ಇದೆ.

ಅಡಿಕೆ ಎಂದಿರಿ, ಇನ್ನೊಂದು ಹೇಳಿಬಿಡುತ್ತೇನೆ. ಕೊಳೆರೋಗ ತರುವ ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಎನ್ನುತ್ತೇವೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದರ ಬಗ್ಗೆ 1910ರಲ್ಲಿ ಬರೆದಾಗಲೂ ಹಾಗೆಯೇ ತಿಳಿದಿದ್ದರು. ಈಗ ಗೊತ್ತಾಗಿರುವುದು, ಅದು ಅಣಬೆಯ ಕಡೆಯದಲ್ಲ. ಕಂದು ಪಾಚಿ, ಡಯಾಟಮ್‌ಗಳ ಮನೆತನದ್ದು. ಕೋಶದ ಗೋಡೆಯಲ್ಲಿ ಅಣಬೆಯ ಕೈಟಿನ್ ಬದಲು ಸೆಲ್ಯುಲೋಸ್ ಜಾಸ್ತಿ. ಮಳೆನೀರಿನಲ್ಲಿ ಅದರ ಬೀಜಕಣ ಎರಡು ಕಶಾಂಗ ಬೀಸಿ ಈಜುತ್ತದೆ. ಒಂದು ರೋಮ ಇರುವುದು, ಒಂದು ನುಣ್ಣನೆಯದು. ಕಡಲ ಕಂದು ಪಾಚಿಗಳ ಈಜುವ ಕೋಶದಲ್ಲೂ ಸಾಮಾನ್ಯವಾಗಿ ಇದೇ ಜೋಡಿ. ಆಷಾಢದ ಮಳೆಯಲ್ಲಿ ನೀವು ಮರ ಹತ್ತಿಸಿ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಸುವುದು ಸರ್ಗಾಸಮ್‌ನ ದೂರದ ನೆಂಟನ ಮೇಲೆ. ವಂಶ ತಿಳಿಯುವುದು ಸುಮ್ನೆ ಪುಸ್ತಕದ ಮಾತಲ್ಲ. ಅಣಬೆ ಜಾತಿಯ ರೋಗಕ್ಕೆ ಮಾಡಿದ ಕೆಲವು ಔಷಧಿಗಳು ಇದರ ಮೇಲೆ ಕೆಲಸ ಮಾಡದೆ ಇರುವುದಕ್ಕೆ ಇದೂ ಕಾರಣ.


ಶಿರಸಿ_ತೋಟ

ಕೊಳೆಗೆ ಕಡಲಿನಲ್ಲಿ ನೆಂಟರಿದ್ದಾರೆ ಎಂದು ನಮ್ಮ ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಹಳ್ಳದ ಮೇಲಿನ ಮರಗಳು ನಮ್ಮ ಬೆಟ್ಟದಲ್ಲೇ ಇವೆ. ಕಡಿಯುವುದಿಲ್ಲ.


ಕಡಲತಡಿ_ಅಕ್ಕೋರು

ಮೇಷ್ಟ್ರೇ, ಎಲ್ಲವನ್ನೂ 'ಹೋಂವರ್ಕ್' ಎಂದು ತೆಗೆದುಕೊಂಡೆವು. ನಡೆದದ್ದನ್ನು ಹೇಳುತ್ತೇನೆ.

ಗುಲಾಬಿ ನೀರನ್ನು ಬಿಳಿ ಪಂಚೆಯಲ್ಲಿ ಸೋಸಿ ಬಿಸಿಲಿಗೆ ಹಿಡಿದೆವು. ಹಿಂದೆ ಕಪ್ಪು ಕೊಡೆ ಬಿಡಿಸಿದೆವು. ಕಿತ್ತಳೆ ಹೊಳಪು ಬಂತು! ಆ ಹುಡುಗಿ ಲೋಟವನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ. ಸರ್ಗಾಸಮ್ ಬಿಸಿನೀರಿನಲ್ಲಿ ಎರಡು ಮೂರು ಸೆಕೆಂಡಿನಲ್ಲಿ ಹಸಿರಾಯಿತು. ಕಾರಾದ ಮೇಲೆ ವಿನೆಗರ್ ಬಿಟ್ಟಾಗ ಗುಳ್ಳೆ ಎದ್ದಿತು. ಒಬ್ಬ ಹುಡುಗ ಅದೇ ಹನಿಯನ್ನು ಪಡೈನಾದ ಬಿಳಿ ಪಟ್ಟೆಯ ಮೇಲೂ ಬಿಟ್ಟ, ಅಲ್ಲೂ ಗುಳ್ಳೆ! ಅದರಲ್ಲೂ ಸುಣ್ಣ ಇದೆ ಎಂದು ಅವನೇ ಕಂಡುಕೊಂಡ. ಟ್ರೆಂಟಿಪೋಲಿಯಾದ ಎಳೆ, ಕಿತ್ತಳೆ ಹನಿ ಎರಡೂ ಕಂಡವು. ಡಯಾಟಮ್ ಸರಿಯುವುದನ್ನು ನೋಡಲು ಸಾಲು ನಿಂತಿತ್ತು.

ಸ್ಪೈರೋಗೈರಾ ಅಯೋಡಿನ್‌ಗೆ ಕಪ್ಪಾಯಿತು. ಹಿಪ್ನಿಯಾದಲ್ಲಿ ಬಂದ ಬಣ್ಣ ಅಷ್ಟು ಸ್ಪಷ್ಟ ಇರಲಿಲ್ಲ, ಕಂದು ಎಂದು ಕೆಲವರು, ನೇರಳೆ ಎಂದು ಕೆಲವರು. ಮಕ್ಕಳು ಎರಡನ್ನೂ ಬರೆದಿದ್ದಾರೆ. ನಾನು ತಿದ್ದಲಿಲ್ಲ.

ಮೂರು ಪೇಪರ್ ತೆಗೆದುಬಿಟ್ಟೆವು. ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮರ ಬರೆದು, ಕೊಂಬೆಗಳ ಮೇಲೆ ಮಾದರಿ ಇಡುತ್ತಿದ್ದೇವೆ. ನಾಸ್ಟಾಕ್ ಬುಡದ ಪಕ್ಕ ಒಂದೇ ಕೂತಿದೆ, ಅಲ್ಲಿಂದ ಒಂದು ಚುಕ್ಕೆಗೆರೆ ಮರದೊಳಗೆ ಹೋಗುತ್ತದೆ. ಕಂದು ಪಾಚಿ, ಡಯಾಟಮ್ ದೂರದ ಕೊಂಬೆಯಲ್ಲಿ. ಕೆಂಪಿನ ಕೊಂಬೆಯಿಂದ ಅಲ್ಲಿಗೆ ಇನ್ನೊಂದು ಚುಕ್ಕೆಗೆರೆ. ಆ ಕೊಂಬೆಯ ಬುಡದಲ್ಲಿ ಒಬ್ಬಳು ಕೊಳೆರೋಗದ ಅಡಿಕೆಕಾಯಿ ಇಟ್ಟಿದ್ದಾಳೆ, ಅವಳ ಅಜ್ಜನ ತೋಟದ್ದು. ಹಸಿರಾದ ಹಿಪ್ನಿಯಾ ಕೆಂಪು ಕೊಂಬೆಯಲ್ಲೇ ಇದೆ. ಅದರ ಚೀಟಿಯನ್ನು ಆ ಹುಡುಗಿಯೇ ಬರೆದಳು: "ಕೆಂಪು ಪಾಚಿ. ಬಾವಿ ನೀರಿನಲ್ಲಿ ಬಣ್ಣ ಬಿಟ್ಟಿದೆ."

ಶಿರಸಿಯವರೇ, ಕೆಂಪು ಕೊಂಬೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ಹಳ್ಳದ್ದು ಒಂದು ಚೂರು ಸಿಗಬಹುದೇ?


ಶಿರಸಿ_ತೋಟ

ಖಂಡಿತ ಅಕ್ಕೋರೇ. ಬುಧವಾರ ಕುಮಟೆಗೆ ಬರುವುದಿದೆ. ಮೇಷ್ಟ್ರೇ, ಹೇಗೆ ತರಲಿ? ಘಟ್ಟ ಇಳಿದರೆ ಸೆಕೆ.


ಹಳೇ_ಬಾಟನಿ_ಮೇಷ್ಟ್ರು

ಅದೇ ಹಳ್ಳದ ನೀರಿನಲ್ಲಿ, ಥರ್ಮಾಸ್ ಫ್ಲಾಸ್ಕಿನಲ್ಲಿ ಹಾಕಿ. ಬಾಯಿಯವರೆಗೆ ತುಂಬಿಸಬೇಡಿ, ಸ್ವಲ್ಪ ಗಾಳಿ ಇರಲಿ. ಒಂದು ಬೆರಳಿನಷ್ಟು ಸಾಕು, ಕಲ್ಲಿಗೆ ಅಂಟಿದ ಬುಡ ಅಲ್ಲೇ ಉಳಿಯಲಿ, ಮತ್ತೆ ಚಿಗುರಲು ಅನುಕೂಲ. ಟೀಚರ್, ಬಂದ ತಕ್ಷಣ ಒಂದು ಚೂರನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬಿಡಿಸಿ, ಮಕ್ಕಳು ಆ ಸರ ನೋಡಲಿ. ಉಳಿದದ್ದನ್ನು ಅದೇ ದಿನ ಕಾಗದದ ಮೇಲೆ ಹರಡಿ ಒಣಗಿಸಿ. ಗೋಂದು ಬೇಡ, ಅದರ ಲೋಳೆಯೇ ಕಾಗದಕ್ಕೆ ಹಿಡಿದುಕೊಳ್ಳುತ್ತದೆ.